ನೆಹರೂ ಅವರನ್ನೂ ಬಿಡದ ಶಂಕರ್, ಶಂಕರ್ ಅವರನ್ನೂ ಬಿಡದ ಇತಿಹಾಸ

1975ರ ಆಗಸ್ಟ್ 31. ಇಂದಿರಾ ಗಾಂಧಿ ಸರ್ಕಾರ ತುರ್ತು ಪರಿಸ್ಥಿತಿ ಹೇರಿ ಎರಡು ತಿಂಗಳು ದಾಟಿತ್ತು. ವಿರೋಧ ಪಕ್ಷದ ನಾಯಕರು ಜೈಲಿನಲ್ಲಿದ್ದರು, ಪತ್ರಿಕೆಗಳ ಮೇಲೆ ಸೆನ್ಸಾರ್ ಇತ್ತು. ದೆಹಲಿಯಿಂದ 27 ವರ್ಷಗಳಿಂದ ಹೊರಬರುತ್ತಿದ್ದ ಒಂದು ವಾರಪತ್ರಿಕೆ ಆ ದಿನ ತನ್ನ ಕೊನೆಯ ಸಂಚಿಕೆ ತಂದಿತು. ಸರ್ವಾಧಿಕಾರಕ್ಕೆ ನಗು ಆಗಿಬರಲ್ಲ, ಯಾಕಂದ್ರೆ ನಗೋಕೆ ಶುರುಮಾಡಿದ ಜನ ಕೊನೆಗೆ ಸರ್ವಾಧಿಕಾರಿಯನ್ನೇ ನೋಡಿ ನಕ್ಕುಬಿಡಬಹುದು ಅನ್ನೋದು ಅದರ ವಿದಾಯದ ಸಂಪಾದಕೀಯದ ಸಾರ. ಉದಾಹರಣೆಗೆ ಹಿಟ್ಲರನ ಕಾಲವನ್ನು ನೆನಪಿಸಲಾಗಿತ್ತು. ಓದಿದವರಿಗೆ ಅದು ಯಾರ ಬಗ್ಗೆ ಅಂತ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆ ಪತ್ರಿಕೆ 'ಶಂಕರ್ಸ್ ವೀಕ್ಲಿ'. ಅದನ್ನು ಕಟ್ಟಿದವರು, ಮುಚ್ಚಿದವರು ಕೇಶವ ಶಂಕರ ಪಿಳ್ಳೈ. ದೇಶಕ್ಕೆ ಅವರು ಬರೀ ಶಂಕರ್. ಆಗ ಅವರಿಗೆ 73 ವರ್ಷ.

ಇದಾಗಿ 37 ವರ್ಷಗಳ ನಂತರ, 2012ರ ಮೇ ತಿಂಗಳಲ್ಲಿ, ಇದೇ ಶಂಕರ್ 1949ರಲ್ಲಿ ಬರೆದ ಒಂದು ಕಾರ್ಟೂನಿಗಾಗಿ ಸಂಸತ್ತಿನಲ್ಲಿ ಗದ್ದಲವೆದ್ದಿತು. ಇವತ್ತಿನ ಬಹಳಷ್ಟು ಹುಡುಗ ಹುಡುಗಿಯರು ಶಂಕರ್ ಹೆಸರು ಕೇಳಿರೋದೇ ಆ ಗಲಾಟೆಯಿಂದ. ಬಸವನಹುಳುವಿನ ಮೇಲೆ ಕೂತ ಅಂಬೇಡ್ಕರ್, ಹಿಂದೆ ಚಾಟಿ ಎತ್ತಿದ ನೆಹರೂ. ಅಧಿಕಾರಕ್ಕೆ ಹೆದರದ ನಗುವಿನ ಪಾಠ ಹೇಳಿದ ಕೈಯೇ ಈ ಚಿತ್ರವನ್ನೂ ಬರೆದಿತ್ತು. ಈ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ನೋಡದೆ ಭಾರತದ ವ್ಯಂಗ್ಯಚಿತ್ರ ಪರಂಪರೆಯ ಬಗ್ಗೆ ಮಾತಾಡೋದು ಕಷ್ಟ.

ನಿದ್ದೆ ಹೊಡೆಯುತ್ತಿದ್ದ ಮೇಷ್ಟ್ರು

ಶಂಕರ್ ಹುಟ್ಟಿದ್ದು 1902ರ ಜುಲೈ 31ರಂದು, ಆಗಿನ ತಿರುವಾಂಕೂರು ಸಂಸ್ಥಾನದ ಕಾಯಂಕುಳಂನಲ್ಲಿ. ಶಾಲೆಯಲ್ಲಿ ಅವರು ಬರೆದ ಮೊದಲ ಕಾರ್ಟೂನಿನ ಕಥೆಯನ್ನು ಎಲ್ಲರೂ ಹೇಳುತ್ತಾರೆ. ತರಗತಿಯಲ್ಲಿ ಮೇಷ್ಟ್ರು ನಿದ್ದೆ ಹೊಡೆಯುತ್ತಿದ್ದರು, ಹುಡುಗ ಅದನ್ನೇ ಚಿತ್ರ ಬರೆದ. ಮುಖ್ಯೋಪಾಧ್ಯಾಯರು ಸಿಟ್ಟಾದರು. ಆದರೆ ಮನೆಯಲ್ಲಿದ್ದ ಹಿರಿಯರೊಬ್ಬರು ಹುಡುಗನ ಕೈಯಲ್ಲಿ ಏನೋ ಇದೆ ಅಂತ ಗುರುತಿಸಿ ಹುರಿದುಂಬಿಸಿದರು.

ಚಿತ್ರಕಲೆ ಹೊಟ್ಟೆಪಾಡಿನ ದಾರಿಯಾಗುತ್ತೆ ಅಂತ ಯಾರೂ ಅಂದುಕೊಳ್ಳದ ಕಾಲ ಅದು. ಶಂಕರ್ 1927ರಲ್ಲಿ ತಿರುವನಂತಪುರದಲ್ಲಿ ಪದವಿ ಮುಗಿಸಿ, ಕಾನೂನು ಓದಲು ಬಾಂಬೆಗೆ ಹೋದರು. ಕಾನೂನು ಅರ್ಧಕ್ಕೇ ನಿಂತಿತು. ಹಡಗು ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದರು. ಬಿಡುವಿನಲ್ಲಿ ಬರೆದ ಕಾರ್ಟೂನುಗಳು 'ಫ್ರೀ ಪ್ರೆಸ್ ಜರ್ನಲ್', 'ಬಾಂಬೆ ಕ್ರಾನಿಕಲ್' ಪತ್ರಿಕೆಗಳಲ್ಲಿ ಅಚ್ಚಾಗತೊಡಗಿದವು.

ಅವು ಪೋಥನ್ ಜೋಸೆಫ್ ಅವರ ಕಣ್ಣಿಗೆ ಬಿದ್ದವು. 1948ರಲ್ಲಿ ಬೆಂಗಳೂರಿನಲ್ಲಿ 'ಡೆಕ್ಕನ್ ಹೆರಾಲ್ಡ್' ಶುರುವಾದಾಗ ಅದರ ಮೊದಲ ಸಂಪಾದಕರಾದವರು ಇದೇ ಜೋಸೆಫ್. 1932ರಲ್ಲಿ ಅವರು ದೆಹಲಿಯ 'ಹಿಂದೂಸ್ತಾನ್ ಟೈಮ್ಸ್' ಸಂಪಾದಕರು. ಶಂಕರ್ ಅವರನ್ನು ಕರೆಸಿ, ಪತ್ರಿಕೆಯ ಸಂಬಳದ ಕಾರ್ಟೂನಿಸ್ಟ್ ಮಾಡಿದರು. ಭಾರತೀಯ ಪತ್ರಿಕೆಯೊಂದು ದಿನನಿತ್ಯದ ರಾಜಕೀಯದ ಮೇಲೆ ಚಿತ್ರ ಬರೆಯೋಕೆ ಅಂತಲೇ ಒಬ್ಬರನ್ನು ನೇಮಿಸಿಕೊಳ್ಳೋದು ಆ ಹೊತ್ತಿಗೆ ಸಣ್ಣ ಮಾತಲ್ಲ.

ಬ್ರಿಟಿಷರ ಕಾಲದ ದೆಹಲಿಯಲ್ಲಿ ಈ ಕೆಲಸ ಸುಲಭದ್ದಾಗಿರಲಿಲ್ಲ. ಲೇಖನ ಬರೆದವನ ಮೇಲೆ ರಾಜದ್ರೋಹದ ಕೇಸು ಹಾಕೋದು ಸರ್ಕಾರಕ್ಕೆ ರೂಢಿಯಾಗಿತ್ತು. ಚಿತ್ರದ ವಿಷಯ ಬೇರೆ. ವೈಸರಾಯ್‌ನ ಮೂಗು ಒಂದಿಂಚು ಉದ್ದ ಬರೆದರೆ ಯಾವ ಸೆಕ್ಷನ್ ಹಾಕ್ತೀರಿ? ವಿಚಿತ್ರ ಅಂದ್ರೆ ವಿಲಿಂಗ್ಡನ್, ಲಿನ್‌ಲಿತ್‌ಗೋ ಇಬ್ಬರೂ ವೈಸರಾಯ್‌ಗಳು ತಮ್ಮನ್ನೇ ಗೇಲಿ ಮಾಡಿದ ಶಂಕರ್ ಚಿತ್ರಗಳನ್ನು ಮೆಚ್ಚಿಕೊಂಡಿದ್ದರು. ಮಧ್ಯೆ ಲಂಡನ್ನಿಗೆ ಹೋಗಿ ಸುಮಾರು 14 ತಿಂಗಳು ಅಲ್ಲಿನ ಕಲಾಶಾಲೆಗಳಲ್ಲಿ ಕಲಿತರು, ಯುರೋಪಿನ ಬೇರೆ ನಗರಗಳನ್ನೂ ಸುತ್ತಿದರು.

ಸ್ವದೇಶಿ ನಾಯಕರಿಗೂ ವಿನಾಯಿತಿ ಇರಲಿಲ್ಲ. ಜಿನ್ನಾ ಕುರಿತ ಒಂದು ಕಾರ್ಟೂನ್ ನೋಡಿ ಗಾಂಧೀಜಿಯೇ ಶಂಕರ್‌ಗೆ ಕಾಗದ ಬರೆದರು. ಚಿತ್ರಕಲೆ ಚೆನ್ನಾಗಿದೆ, ಆದರೆ ಸಂಗತಿ ನಿಖರವಾಗಿರಬೇಕು, ನಗೆ ಮನಸ್ಸನ್ನು ನೋಯಿಸಬಾರದು ಅನ್ನೋ ಅರ್ಥದ ಕಾಗದ. ತನ್ನ ರಾಜಕೀಯ ಎದುರಾಳಿಯ ಪರವಾಗಿ ಗಾಂಧಿ ಹೀಗೆ ಬರೆದದ್ದು ಗಮನಿಸಬೇಕಾದ ವಿಷಯ. ನಗು ಯಾರನ್ನು ನೋಯಿಸುತ್ತೆ ಅನ್ನೋ ಈ ಪ್ರಶ್ನೆ ಮುಂದೆ ಇನ್ನೂ ದೊಡ್ಡ ರೂಪದಲ್ಲಿ ಶಂಕರ್ ಬಾಗಿಲಿಗೆ ಬರುವುದಿತ್ತು.

ತಮ್ಮನ್ನೂ ಬಿಡಬೇಡಿ ಅಂದ ಪ್ರಧಾನಿ

1946ರಲ್ಲಿ ಶಂಕರ್ ಹಿಂದೂಸ್ತಾನ್ ಟೈಮ್ಸ್ ಬಿಟ್ಟರು. 1948ರ ಮೇ ತಿಂಗಳಲ್ಲಿ 'ಶಂಕರ್ಸ್ ವೀಕ್ಲಿ' ಬಂತು. ಇಂಗ್ಲೆಂಡಿನ 'ಪಂಚ್' ಪತ್ರಿಕೆಯ ಹಾದಿಯದ್ದು, ಆದರೆ ತಿರುಳು ಪೂರಾ ನಮ್ಮ ರಾಜಕೀಯದ್ದು. ಬಿಡುಗಡೆ ಮಾಡಲು ಬಂದವರು ಪ್ರಧಾನಿ ನೆಹರೂ. ತಮ್ಮನ್ನೂ ಬಿಡದೆ ಗೇಲಿ ಮಾಡಬೇಕು ಅಂತ ಅವರು ಶಂಕರ್‌ಗೆ ಹೇಳಿದ್ದು ಮುಂದೆ ದಂತಕಥೆಯೇ ಆಯಿತು.

ಶಂಕರ್ ಆ ಮಾತನ್ನು ಅಕ್ಷರಶಃ ತೆಗೆದುಕೊಂಡರು. ಮುಂದಿನ 16 ವರ್ಷ ನೆಹರೂ ಅವರ ಕುಂಚದ ಕಾಯಂ ಗಿರಾಕಿ. ಪಕ್ಷದೊಳಗಿನ ಜಗಳ, ಯೋಜನೆಗಳ ವೈಫಲ್ಯ, ವಿದೇಶ ಪ್ರವಾಸ ಯಾವುದೂ ತಪ್ಪಿಸಿಕೊಳ್ಳಲಿಲ್ಲ. ಇಬ್ಬರ ಸ್ನೇಹವೂ ಕೆಡಲಿಲ್ಲ. ನೆಹರೂ ಕುರಿತ ಶಂಕರ್ ಕಾರ್ಟೂನುಗಳೇ ಒಂದು ದಪ್ಪ ಪುಸ್ತಕವಾಗುವಷ್ಟಿದ್ದವು, 1980ರ ದಶಕದಲ್ಲಿ ಆಗಿಯೂ ಆಯಿತು.

ಈ ಸರಣಿಯ ಕೊನೆಯ ಚಿತ್ರಗಳಲ್ಲೊಂದು 1964ರ ಮೇ 17ರದ್ದು. ದಣಿದು ಸೊರಗಿದ ನೆಹರೂ ಕೈಯಲ್ಲಿ ಪಂಜು ಹಿಡಿದು ಓಟದ ಕೊನೆಯ ಸುತ್ತು ಓಡುತ್ತಿದ್ದಾರೆ. ಹಿಂದೆ ಗುಲ್ಜಾರಿಲಾಲ್ ನಂದಾ, ಲಾಲ್ ಬಹಾದೂರ್ ಶಾಸ್ತ್ರಿ, ಮೊರಾರ್ಜಿ ದೇಸಾಯಿ, ಕೃಷ್ಣ ಮೆನನ್, ಇಂದಿರಾ ಗಾಂಧಿ ಓಡಿ ಬರುತ್ತಿದ್ದಾರೆ. ಹತ್ತು ದಿನಕ್ಕೆ, ಮೇ 27ರಂದು, ನೆಹರೂ ತೀರಿಕೊಂಡರು. ಹಿಂದೆ ಓಡುತ್ತಿದ್ದ ಆ ಐವರಲ್ಲಿ ನಂದಾ ಹಂಗಾಮಿ ಪ್ರಧಾನಿಯಾದರು, ಶಾಸ್ತ್ರಿ, ಇಂದಿರಾ, ಮೊರಾರ್ಜಿ ಒಬ್ಬರಾದ ಮೇಲೆ ಒಬ್ಬರು ಪ್ರಧಾನಿಯಾದರು. ಮುಂದಿನ ಒಂದೂವರೆ ದಶಕದ ರಾಜಕೀಯವನ್ನು ಒಂದು ಚಿತ್ರದಲ್ಲಿ ಹಿಡಿದಿಟ್ಟ ಹಾಗಿತ್ತು.

ವೀಕ್ಲಿಯ ಕಚೇರಿ ಒಂದು ರೀತಿಯ ಗರಡಿಮನೆಯೂ ಆಗಿತ್ತು. ಅಬು ಅಬ್ರಹಾಂ, ಓ.ವಿ. ವಿಜಯನ್, ಯೇಸುದಾಸನ್ ಮೊದಲಾದವರು ಅಲ್ಲಿ ಪಳಗಿದರು. ಕುಟ್ಟಿ ಅದಕ್ಕೂ ಮುಂಚೆಯೇ ಶಂಕರ್ ಕೈಕೆಳಗೆ ಕಲಿತಿದ್ದರು. ವಿಜಯನ್ ಮಲಯಾಳಂನ ದೊಡ್ಡ ಕಾದಂಬರಿಕಾರರೂ ಆದರು. ಇನ್ನು ಅಬು ತುರ್ತು ಪರಿಸ್ಥಿತಿಯ ಕಾಲಕ್ಕೆ ಬರೆದ ಚಿತ್ರವೊಂದು ಇವತ್ತಿಗೂ ವಾಟ್ಸಾಪಿನಲ್ಲಿ ಓಡಾಡುತ್ತಿರುತ್ತದೆ: ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಸ್ನಾನದ ತೊಟ್ಟಿಯಲ್ಲಿ ಕೂತೇ ಸುಗ್ರೀವಾಜ್ಞೆಗೆ ಸಹಿ ಹಾಕಿ ಹೊರಗೆ ಚಾಚುತ್ತಿರುವುದು. ಅದನ್ನು ಬರೆದ ಕೈ ಪಳಗಿದ್ದು ಶಂಕರ್ ಗರಡಿಯಲ್ಲಿ.

ಮಕ್ಕಳಿಗಾಗಿ ಕಟ್ಟಿದ್ದು

ರಾಜಕಾರಣಿಗಳನ್ನು ಕುಟುಕುತ್ತಿದ್ದ ಇದೇ ಮನುಷ್ಯ ತನ್ನ ಬದುಕಿನ ಇನ್ನೊಂದು ಅರ್ಧವನ್ನು ಮಕ್ಕಳಿಗೆ ಕೊಟ್ಟರು. 1949ರಲ್ಲಿ ಮಕ್ಕಳ ಚಿತ್ರಕಲಾ ಸ್ಪರ್ಧೆ ಶುರುಮಾಡಿದರು. ಅದು ಬೇಗನೆ ಬೇರೆ ಬೇರೆ ದೇಶದ ಮಕ್ಕಳು ಭಾಗವಹಿಸುವ ಸ್ಪರ್ಧೆಯಾಗಿ ಬೆಳೆಯಿತು. 1957ರಲ್ಲಿ ಚಿಲ್ಡ್ರನ್ಸ್ ಬುಕ್ ಟ್ರಸ್ಟ್ ಕಟ್ಟಿದರು. ಭಾರತದ ಮಕ್ಕಳಿಗೆ ಭಾರತದ ಕಥೆಗಳು, ಒಳ್ಳೇ ಚಿತ್ರಗಳ ಜೊತೆ, ಕೈಗೆಟಕುವ ಬೆಲೆಗೆ ಸಿಗಬೇಕು ಅನ್ನೋದು ಉದ್ದೇಶ. ತನ್ನ ಬಾಲ್ಯವನ್ನು, ಅಜ್ಜನ ಜೊತೆಗಿನ ದಿನಗಳನ್ನು ಕುರಿತು ಅವರೇ ಬರೆದು ಅವರೇ ಚಿತ್ರ ಹಾಕಿದ ಪುಸ್ತಕವೂ ಇದೆ.

ಹಂಗೇರಿಯ ರಾಯಭಾರಿಯೊಬ್ಬರು ಸ್ಪರ್ಧೆಗೆ ಬಹುಮಾನವಾಗಿ ಕೊಟ್ಟ ಒಂದು ಗೊಂಬೆಯಿಂದ ಅವರಿಗೆ ಗೊಂಬೆ ಕೂಡಿಡುವ ಹುಚ್ಚು ಹಿಡಿಯಿತು. ಅದು ಬೆಳೆದು 1965ರಲ್ಲಿ ದೆಹಲಿಯ ಬಹಾದೂರ್ ಶಾ ಜಫರ್ ಮಾರ್ಗದಲ್ಲಿ ಗೊಂಬೆಗಳ ಮ್ಯೂಸಿಯಂ ಆಯಿತು. ಸಾವಿರಾರು ಗೊಂಬೆಗಳನ್ನು ಹೆಸರು, ದೇಶ, ಉಡುಪು ಸಮೇತ ಜೋಡಿಸಿಟ್ಟರು. ಉಳಿಸಿ ಇಡೋದು ಅಂದ್ರೆ ಏನು ಅಂತ ಶಂಕರ್‌ಗೆ ಗೊತ್ತಿತ್ತು.

ಬಸವನಹುಳು

ಈಗ ಆ 1949ರ ಚಿತ್ರಕ್ಕೆ ಬರೋಣ. ಸಂವಿಧಾನದ ಕರಡಿನ ಚರ್ಚೆ ನಡೀತಾ ಇದ್ದ ಕಾಲ. ತಡವಾಗ್ತಿದೆ ಅಂತ ಪತ್ರಿಕೆಗಳಲ್ಲಿ ಗೊಣಗಾಟ ಇತ್ತು. ಶಂಕರ್ ಸಂವಿಧಾನವನ್ನು ಬಸವನಹುಳು ಮಾಡಿ, ಅದರ ಮೇಲೆ ಚಾಟಿ ಹಿಡಿದ ಅಂಬೇಡ್ಕರ್ ಅವರನ್ನು ಕೂರಿಸಿದರು. ಹಿಂದೆ ನೆಹರೂ, ಅವರ ಕೈಯಲ್ಲೂ ಚಾಟಿ. ಸುತ್ತ ಜನ ನೋಡುತ್ತಾ ನಿಂತಿದ್ದಾರೆ.

2006ರಲ್ಲಿ ಎನ್‌ಸಿಇಆರ್‌ಟಿ ಹನ್ನೊಂದನೇ ತರಗತಿಯ ರಾಜ್ಯಶಾಸ್ತ್ರ ಪಠ್ಯದಲ್ಲಿ ಇದನ್ನು ಬಳಸಿತು. ಸಂವಿಧಾನ ರಚನೆಗೆ ಸುಮಾರು ಮೂರು ವರ್ಷ ಯಾಕೆ ಬೇಕಾಯಿತು ಅನ್ನೋ ಚರ್ಚೆಗೆ ಮಕ್ಕಳನ್ನು ಎಳೆಯೋದು ಪಠ್ಯದವರ ಇರಾದೆಯಾಗಿತ್ತು, ಅವಮಾನ ಮಾಡೋದಲ್ಲ. ಆರು ವರ್ಷದ ನಂತರ, 2012ರ ಮೇ 11ರಂದು, ಅದು ಸಂಸತ್ತಿನಲ್ಲಿ ಸಿಡಿಯಿತು. ಮಾನವ ಸಂಪನ್ಮೂಲ ಸಚಿವ ಕಪಿಲ್ ಸಿಬಲ್ ಕ್ಷಮೆ ಕೇಳಿ ಚಿತ್ರ ತೆಗೆಸುವುದಾಗಿ ಹೇಳಿದರು. ಪಠ್ಯದ ಮುಖ್ಯ ಸಲಹೆಗಾರರಾಗಿದ್ದ ಸುಹಾಸ್ ಪಳಶೀಕರ್, ಯೋಗೇಂದ್ರ ಯಾದವ್ ರಾಜೀನಾಮೆ ಕೊಟ್ಟರು. ಪುಣೆ ವಿಶ್ವವಿದ್ಯಾಲಯದಲ್ಲಿ ಪಳಶೀಕರ್ ಅವರ ಕಚೇರಿಯನ್ನು ಒಡೆದುಹಾಕಲಾಯಿತು. ಆಮೇಲೆ ಸುಖದೇವ್ ಥೋರಟ್ ಸಮಿತಿ ಬಂತು, ಈ ಒಂದಷ್ಟೇ ಅಲ್ಲ, ಇನ್ನೂ ಹಲವು ಕಾರ್ಟೂನುಗಳನ್ನು ತೆಗೆಯಲು ಶಿಫಾರಸು ಮಾಡಿತು. ಸಮಿತಿಯೊಳಗೇ ಭಿನ್ನಮತ ದಾಖಲಿಸಿದವರು ಎಂ.ಎಸ್.ಎಸ್. ಪಾಂಡಿಯನ್. ದ್ರಾವಿಡ ಚಳವಳಿ ಮತ್ತು ಜಾತಿ ರಾಜಕಾರಣದ ಬಗ್ಗೆ ಗಂಭೀರವಾಗಿ ಬರೆದ ವಿದ್ವಾಂಸರೇ ಅವರು.

ಆಗ ಟಿವಿಗಳಲ್ಲಿ ನಡೆದ ಚರ್ಚೆ ಎರಡೇ ಸಾಲಿನದ್ದು. ಒಂದು ಕಡೆಯವರು ಇದು ಅಭಿವ್ಯಕ್ತಿ ಸ್ವಾತಂತ್ರ್ಯ ಅಂದರು. ಇನ್ನೊಂದು ಕಡೆಯವರು ಇದು ಅವಮಾನ, ಕಿತ್ತುಹಾಕಿ ಅಂದರು. ನಗೋಕೂ ಬರಲ್ವಾ ನಿಮಗೆ ಅಂತ ದಲಿತ ಯುವಕರನ್ನು ಕೇಳಿದವರೂ ಇದ್ದರು.

ಆದರೆ ಚಾಟಿ ಅನ್ನೋದು ಈ ದೇಶದಲ್ಲಿ ಬರೀ ಚಿತ್ರದ ವಸ್ತು ಅಲ್ಲ. ಅದು ಯಾರ ಕೈಯಲ್ಲಿರುತ್ತಿತ್ತು, ಯಾರ ಬೆನ್ನ ಮೇಲೆ ಬೀಳುತ್ತಿತ್ತು ಅಂತ ನಮ್ಮೂರುಗಳಿಗೆ ಗೊತ್ತು. ನೆಹರೂ ಚಾಟಿ ಬಸವನಹುಳುವಿಗೇ ಅಂತ ಶಂಕರ್ ಅಂದುಕೊಂಡಿದ್ದಿರಬಹುದು. ಎತ್ತಿದ ಆ ಚಾಟಿಯ ಮುಂದೆ ಅಂಬೇಡ್ಕರ್ ಕೂತಿದ್ದಾರೆ ಅನ್ನೋದನ್ನು ನೋಡದೇ ಇರೋಕೆ ಮಾತ್ರ ಒಂದು ಥರದ ಹುಟ್ಟಿನ ನೆಮ್ಮದಿ ಬೇಕು.

ಸಂಗತಿಯ ನಿಖರತೆ ಬೇಕು ಅಂತ ಗಾಂಧಿ ಬರೆದಿದ್ದರಲ್ಲ, ಆ ಅಳತೆಯಲ್ಲೂ ಈ ಚಿತ್ರ ಸೋಲುತ್ತದೆ. ಕರಡು ಸಮಿತಿಯಲ್ಲಿ ಏಳು ಜನ ಇದ್ದರು. 1948ರ ನವೆಂಬರ್‌ನಲ್ಲೇ ಟಿ.ಟಿ. ಕೃಷ್ಣಮಾಚಾರಿ ಸಂವಿಧಾನ ಸಭೆಯಲ್ಲಿ ಎದ್ದು ನಿಂತು, ಒಬ್ಬರು ರಾಜೀನಾಮೆ ಕೊಟ್ಟಿದ್ದು, ಒಬ್ಬರು ತೀರಿಹೋಗಿದ್ದು, ಒಬ್ಬರು ಅಮೆರಿಕದಲ್ಲಿದ್ದಿದ್ದು, ಉಳಿದವರೂ ನಾನಾ ಕಾರಣಕ್ಕೆ ದೂರ ಉಳಿದಿದ್ದು ವಿವರಿಸಿ, ಕೊನೆಗೆ ಭಾರವೆಲ್ಲ ಅಂಬೇಡ್ಕರ್ ಹೆಗಲ ಮೇಲೆ ಬಿತ್ತು ಅಂತ ದಾಖಲಿಸಿದ್ದರು. ಅದೂ ಕಾಯಿಲೆಯಲ್ಲಿದ್ದ ಅಂಬೇಡ್ಕರ್ ಮೇಲೆ. ಎಲ್ಲರ ಕೆಲಸ ಒಬ್ಬರೇ ಹೊತ್ತವರನ್ನು ಹತ್ತೇ ತಿಂಗಳಲ್ಲಿ ಶಂಕರ್ ನಿಧಾನದ ಸವಾರನಾಗಿ ತೋರಿಸಿದರು.

ಈ ಜಗಳಕ್ಕೆ ಬಂದ ಅತ್ಯುತ್ತಮ ಉತ್ತರ ಸಂಸತ್ತಿನಿಂದ ಬರಲಿಲ್ಲ. ಉನ್ನಮಟಿ ಶ್ಯಾಮ್ ಸುಂದರ್ ಅನ್ನೋ ಕಾರ್ಟೂನಿಸ್ಟ್ ಮತ್ತು ಸಂಶೋಧಕರಿಂದ ಬಂತು. ಅವರು ಹಳೇ ಇಂಗ್ಲಿಷ್ ಪತ್ರಿಕೆಗಳ ಕಡತಗಳಲ್ಲಿ ಕೂತು, 1932ರಿಂದ 1956ರವರೆಗೆ ಅಂಬೇಡ್ಕರ್ ಮೇಲೆ ಬಂದ ನೂರಕ್ಕೂ ಹೆಚ್ಚು ಕಾರ್ಟೂನುಗಳನ್ನು ಹುಡುಕಿ ತೆಗೆದರು. 2019ರಲ್ಲಿ ನವಯಾನ ಪ್ರಕಾಶನ ಅದನ್ನು 'ನೋ ಲಾಫಿಂಗ್ ಮ್ಯಾಟರ್' ಹೆಸರಲ್ಲಿ ಪುಸ್ತಕ ಮಾಡಿತು. ಅದರಲ್ಲಿ ಶಂಕರ್ ಇದ್ದಾರೆ, ಬೇರೆಯವರೂ ಇದ್ದಾರೆ. ಪುಟ ತಿರುವುತ್ತಾ ಹೋದರೆ ಕಣ್ಣಿಗೆ ರಾಚುತ್ತದೆ: ಉಳಿದ ನಾಯಕರ ಪಕ್ಕ ಅಂಬೇಡ್ಕರ್ ಕುಳ್ಳಗೆ, ಕೆಲವೊಮ್ಮೆ ಹೆಂಗಸಿನ ವೇಷದಲ್ಲಿ, ಮತ್ತೆ ಮತ್ತೆ ದೊಡ್ಡವರ ನಡುವೆ ಅಡ್ಡಬಂದವರ ಹಾಗೆ. ಬಿಡಿ ಚಿತ್ರವಾಗಿ ನೋಡಿದರೆ ತಮಾಷೆ ಅನ್ನಿಸಬಹುದಾದದ್ದು ನೂರು ಚಿತ್ರ ಸಾಲಾಗಿ ಇಟ್ಟಾಗ ಒಂದು ವರ್ಗದ ಅಭ್ಯಾಸವಾಗಿ ಕಾಣುತ್ತದೆ.

ಇಲ್ಲಿ ಇನ್ನೊಂದು ಮಾತೂ ಇದೆ. ಆ ಕಡತಗಳು ಉಳಿದಿದ್ದರಿಂದಲೇ ಈ ಪುಸ್ತಕ ಸಾಧ್ಯವಾಯಿತು. ನೋವಾಗುತ್ತೆ ಅಂತ ಯಾರೋ ಅವನ್ನು ಮೊದಲೇ ಸುಟ್ಟಿದ್ದರೆ, ಇಂಗ್ಲಿಷ್ ಪತ್ರಿಕೆಗಳು ಅಂಬೇಡ್ಕರ್ ಅವರನ್ನು ಹೇಗೆ ನಡೆಸಿಕೊಂಡವು ಅನ್ನೋದಕ್ಕೆ ಸಾಕ್ಷಿಯೇ ಇರುತ್ತಿರಲಿಲ್ಲ. ಪಠ್ಯದಿಂದ ಚಿತ್ರ ಕಿತ್ತ ಸರ್ಕಾರ ಜಾತಿಯ ಬಗ್ಗೆ ಒಂದು ಪಾಠವನ್ನೂ ಸೇರಿಸಿದ್ದು ಕಾಣೆ. ಕಾರ್ಟೂನ್ ಹೋಯಿತು, ಅದರ ಜೊತೆ ಪ್ರಶ್ನೆಯೂ ಹೋಯಿತು.

ಹೂವಿನ ಹಾರವೂ ಬೇಡ, ಬೆಂಕಿಯೂ ಬೇಡ

ಪತ್ರಿಕೆ ಮುಚ್ಚಿದ ಮರುವರ್ಷ, 1976ರಲ್ಲಿ, ತುರ್ತು ಪರಿಸ್ಥಿತಿ ಇನ್ನೂ ಇದ್ದಾಗಲೇ ಶಂಕರ್‌ಗೆ ಪದ್ಮವಿಭೂಷಣ ಬಂತು. ನಗೋಕೆ ಜಾಗ ಕೊಡದ ಸರ್ಕಾರ ನಗಿಸಿದವರಿಗೆ ಪದಕ ಕೊಟ್ಟಿತು. ಅಧಿಕಾರಸ್ಥರು ಪರಂಪರೆಯನ್ನು ಹೇಗೆ ಗೌರವಿಸುತ್ತಾರೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಕಾರ್ಟೂನ್ ಬೇಕಾ? 1989ರ ಡಿಸೆಂಬರ್ 26ರಂದು ಶಂಕರ್ ತೀರಿಕೊಂಡರು. ಅವರ ಹುಟ್ಟೂರಿನ ಕಡೆ, ಕಾಯಂಕುಳಂ ಹತ್ತಿರದ ಕೃಷ್ಣಪುರಂನಲ್ಲಿ, ಅವರ ಹೆಸರಿನ ಕಾರ್ಟೂನ್ ಮ್ಯೂಸಿಯಂ ಇದೆ.

ಸ್ಮಾರಕ ಕಟ್ಟೋದು ಸುಲಭ. ಶಂಕರ್ ಬಿಟ್ಟುಹೋದ ಪ್ರಶ್ನೆ ಇನ್ನೂ ಜೀವಂತ. 2012ರಲ್ಲೇ, ಅಂಬೇಡ್ಕರ್ ಕಾರ್ಟೂನ್ ಗಲಾಟೆಗೆ ಒಂದು ತಿಂಗಳ ಮುಂಚೆ, ಮಮತಾ ಬ್ಯಾನರ್ಜಿ ಕುರಿತ ಒಂದು ಚಿತ್ರವನ್ನು ಇಮೇಲಿನಲ್ಲಿ ಹಂಚಿಕೊಂಡಿದ್ದಕ್ಕೆ ಜಾದವಪುರ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಅಂಬಿಕೇಶ್ ಮಹಾಪಾತ್ರ ಬಂಧನಕ್ಕೊಳಗಾದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕಾರ್ಟೂನಿಸ್ಟ್ ಅಸೀಮ್ ತ್ರಿವೇದಿ ಮೇಲೆ ರಾಜದ್ರೋಹದ ಕೇಸು ಬಿತ್ತು. 2025ರ ಫೆಬ್ರವರಿಯಲ್ಲಿ ಪ್ರಧಾನಿ ಮೋದಿ ಕೈಗೆ ಬೇಡಿ ತೊಡಿಸಿ ತೋರಿಸಿದ ಕಾರ್ಟೂನಿನ ಕಾರಣಕ್ಕೆ ತಮಿಳಿನ 'ವಿಕಟನ್' ವೆಬ್‌ಸೈಟೇ ಬ್ಲಾಕ್ ಆಯಿತು. ಪಕ್ಷ ಯಾವುದೇ ಇರಲಿ, ಕುರ್ಚಿ ಮೇಲೆ ಕೂತವರಿಗೆ ನಗು ಆಗಿಬರಲ್ಲ.

ಹಾಗಾಗಿ ಒಂದು ವ್ಯತ್ಯಾಸವನ್ನು ನಾವು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಪೊಲೀಸರನ್ನು ಕಳಿಸಬಲ್ಲ ಪ್ರಧಾನಿಗೆ ಕಾರ್ಟೂನಿನಿಂದ ಆಗುವ ಮುಜುಗರ ಒಂದು. ಊರ ಹೊರಗಿಟ್ಟ ಜನರ ಏಕೈಕ ಪ್ರತಿನಿಧಿಯನ್ನು ಎಲ್ಲಾ ಪತ್ರಿಕೆಗಳೂ ಸೇರಿ ಕುಳ್ಳಗೆ ಬರೆದಾಗ ಆಗುವ ನೋವು ಇನ್ನೊಂದು. ಎರಡಕ್ಕೂ ಭಾವನೆಗೆ ಧಕ್ಕೆ ಅಂತ ಒಂದೇ ಹೆಸರಿಟ್ಟರೆ ಲಾಭ ಆಗೋದು ಮೊದಲನೆಯವರಿಗೆ. ಎರಡನೆಯದಕ್ಕೆ ಮದ್ದು ಶ್ಯಾಮ್ ಸುಂದರ್ ಮಾಡಿದ ಕೆಲಸ: ಹುಡುಕು, ಜೋಡಿಸು, ಓದು, ತಿರುಗಿ ಮಾತಾಡು. ಮತ್ತೆ, ಕುಂಚ ಹಿಡಿಯುವ ಕೈಗಳು ಯಾವ ಕೇರಿಗಳಿಂದ ಬರುತ್ತಿವೆ ಅಂತಲೂ ಕೇಳು.

ಇದಕ್ಕೆ ಮೊದಲು ಚಿತ್ರಗಳು ಉಳಿದಿರಬೇಕು. ಪತ್ರಿಕೆಯ ಕಾಗದ ಮರದ ತಿರುಳಿನದ್ದು, ಕೆಲವೇ ದಶಕಗಳಲ್ಲಿ ಹಳದಿಯಾಗಿ, ಮಡಿಸಿದ ಕಡೆ ಹಪ್ಪಳದ ಹಾಗೆ ಮುರಿಯುತ್ತದೆ. ಕನ್ನಡದ್ದೂ ಇದೇ ಕಥೆ. 1942ರಲ್ಲಿ ರಾಶಿಯವರು ಶುರುಮಾಡಿದ 'ಕೊರವಂಜಿ'ಯಲ್ಲಿ ಆರ್.ಕೆ. ಲಕ್ಷ್ಮಣ್ ಚಿತ್ರ ಬರೆದಿದ್ದರು ಅಂತ ನಾವು ಹೆಮ್ಮೆಯಿಂದ ಹೇಳ್ತೀವಿ, ಆದರೆ ಆ ಪುಟಗಳನ್ನು ಕಣ್ಣಾರೆ ನೋಡಿದವರು ನಮ್ಮಲ್ಲಿ ಎಷ್ಟು ಜನ? ಬೆಂಗಳೂರಿನ ಎಂ.ಜಿ. ರಸ್ತೆ ಪಕ್ಕದ ಮಿಡ್‌ಫೋರ್ಡ್ ಗಾರ್ಡನ್‌ನಲ್ಲಿ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಕಾರ್ಟೂನ್ ಗ್ಯಾಲರಿ ಇದೆ. ಮೆಟ್ರೊ ಇಳಿದು ನಡೆದುಹೋಗುವಷ್ಟು ಹತ್ತಿರ. ಒಂದು ಶನಿವಾರ ಹೋಗಿ ಬನ್ನಿ.

ಮನೆಯ ಅಟ್ಟದಲ್ಲಿ ಅಜ್ಜನ ಕಾಲದ ಪತ್ರಿಕೆಯ ಕಟ್ಟುಗಳಿದ್ದರೆ, ರದ್ದಿಯವನನ್ನು ಕರೆಯೋ ಮುಂಚೆ ಒಮ್ಮೆ ಬಿಚ್ಚಿ ನೋಡಿ. ಕಾರ್ಟೂನ್ ಕಂಡರೆ ತಾರೀಕು, ಪತ್ರಿಕೆಯ ಹೆಸರು ಸಮೇತ ಫೋಟೊ ತೆಗೆದಿಡಿ. ನಿಮಗೆ ಇಷ್ಟವಾಗದ ಚಿತ್ರಗಳನ್ನು ಕೂಡ.